ಸಂಘದ ಸಭೆಯಲ್ಲಿ ಅಂಗಡಿಯ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಸುತ್ತಿನ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಗುಡಿಯ ಕಟ್ಟೆಯ ಮೇಲೋ ಯಾರದೋ ಮನೆಯ ಪಡಸಾಲೆಯಲ್ಲೋ ಹೆಣ್ಣುಮಕ್ಕಳು ಜಮಖಾನ ಹಾಸಿ ದುಂಡಗೆ ಕೂತಿರುತ್ತಾರೆ. ನಡುವೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಠರಾವು ಪುಸ್ತಕ. ದಾರಿಹೋಕರು ‘ಸಂಘದ ಕಂತು ಕಟ್ಟಾಕ ಕೂತಾರ’ ಎಂದುಕೊಂಡು ಮುಂದೆ ಹೋಗುತ್ತಾರೆ. ಕಿರಾಣಿ ಅಂಗಡಿ, ಹೊಲಿಗೆ, ಬಳೆ ವ್ಯಾಪಾರ, ರೊಟ್ಟಿ ಮಾರಾಟ ಮಾಡುವ ಸಾವಿರಾರು ಹೆಣ್ಣುಮಕ್ಕಳಿಗೆ ವ್ಯಾಪಾರದ ಸಲಹೆ ಸಿಗುವುದು ಇದೇ ಜಮಖಾನದ ಮೇಲೆ. ಈ ಮಗ್ಗುಲನ್ನು ನಾವು ಸರಿಯಾಗಿ ನೋಡಿಲ್ಲ ಎಂಬುದು ನನ್ನ ಅನಿಸಿಕೆ.

ದೊಡ್ಡ ಉದ್ಯಮಿಗಳಿಗೆ ಇಂಥ ಕೂಟಗಳು ಬಹಳ ಹಿಂದಿನಿಂದಲೂ ಇವೆ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ನೌರ್ಸ್ ಎಂಬ ಉದ್ಯಮಿ ಒಂದಿಷ್ಟು ಕಂಪನಿಗಳ ಮುಖ್ಯಸ್ಥರನ್ನು ಒಂದೆಡೆ ಕೂರಿಸಿ, ತಂತಮ್ಮ ಕಷ್ಟ ಬಿಚ್ಚಿಟ್ಟು ಚರ್ಚಿಸುವ ಪದ್ಧತಿ ಶುರುಮಾಡಿದರು. ಅದೇ ಇವತ್ತು ವಿಸ್ಟೇಜ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿದೆ. ಸದಸ್ಯರಾಗಲು ಕೈತುಂಬ ಶುಲ್ಕ ತೆರಬೇಕು. ಅದಕ್ಕೂ ಮುಂಚೆ, 1727ರಲ್ಲಿ, ಫಿಲಡೆಲ್ಫಿಯಾದ ಯುವ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಕಸುಬುದಾರ ಗೆಳೆಯರನ್ನು ಕೂಡಿಸಿ ‘ಜುಂಟೋ’ ಎಂಬ ಶುಕ್ರವಾರದ ಕೂಟ ಕಟ್ಟಿದ್ದ. ಊರಲ್ಲಿ ಇತ್ತೀಚೆಗೆ ಯಾರ ವ್ಯಾಪಾರ ಮುಳುಗಿತು, ಕಾರಣವೇನು, ಯಾರು ಏಳಿಗೆ ಕಂಡರು, ಹೇಗೆ ಎಂಬ ಪ್ರಶ್ನೆಗಳನ್ನು ಅಲ್ಲಿ ಕೇಳಿಕೊಳ್ಳುತ್ತಿದ್ದರು.

ನಮ್ಮ ಸಂಘಗಳ ಬೇರು ಕರ್ನಾಟಕದ್ದೇ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಮುಖಂಡರ ಮೇಲೆ ನಂಬಿಕೆ ಹೋಗಿ ಒಡೆದವು. ಒಡೆದ ಚೂರುಗಳಂತಿದ್ದ ಸಣ್ಣ ಗುಂಪುಗಳ ಜನರೇ ಮುಂದೆ ಬಂದು, ಸಾಲ ತೀರಿಸುತ್ತೇವೆ, ಆದರೆ ದೊಡ್ಡ ಸಂಘಕ್ಕಲ್ಲ, ಮೈರಾಡಕ್ಕೆ ಎಂದರು. ನಿಮ್ಮ ನಿಮ್ಮ ಗುಂಪಿಗೇ ಕಟ್ಟಿ ಎಂದಿತು ಸಂಸ್ಥೆ. ಒಬ್ಬರನ್ನೊಬ್ಬರು ಬಲ್ಲವರು ಮಾತ್ರ ಕೂಡಿದಾಗ ದುಡ್ಡೂ ಉಳಿಯುತ್ತದೆ, ಮಾತೂ ನಡೆಯುತ್ತದೆ ಎಂಬುದು ಸಂಸ್ಥೆಗೆ ಅರಿವಾಯಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು; 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು; ಈಚೆಗೆ ಸಂಜೀವಿನಿ, ಅದರ ಪಂಚಾಯಿತಿ ಮಟ್ಟದ ಒಕ್ಕೂಟಗಳು. ಸಂಘದಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದೆಂಬ ರೂಢಿಯ ಹಿಂದೆ ಹಳೆಯ ಕಂಪನಿ ಕಾಯ್ದೆ ಇದೆ: ಲಾಭಕ್ಕಾಗಿ ಕೂಡುವವರು 20 ದಾಟಿದರೆ ನೋಂದಣಿ ಕಡ್ಡಾಯವಾಗಿತ್ತು. ಕಾನೂನಿನ ಈ ಮಿತಿ ಸಭೆಗೆ ವರವೇ ಆಯಿತು. ಅಷ್ಟು ಜನರಿದ್ದರೆ ಎಲ್ಲರ ಮಾತಿಗೂ ಸರದಿ ಸಿಗುತ್ತದೆ.

ಸಲಹೆ ಹುಟ್ಟುವುದು ಸಾಲದ ಅರ್ಜಿ ಬಂದಾಗ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕಿರಾಣಿ ಅಂಗಡಿಯಾಕೆ ಹೊಸ ಮಾಲು ಹಾಕಲು 20,000 ರೂಪಾಯಿ ಕೇಳುತ್ತಾಳೆ. ಬ್ಯಾಂಕಿನವರಾದರೆ ಕಾಗದಪತ್ರ ನೋಡುತ್ತಾರೆ. ಇಲ್ಲಿ ಎದುರಿಗೆ ಕೂತಾಕೆ ಮೊದಲು ಕೇಳುವುದೇ ಬೇರೆ: ‘ಉದ್ರಿ ಎಷ್ಟು ಬಿಟ್ಟೀಯವ್ವಾ?’ ಉದ್ರಿ ವಹಿ ತರಿಸಿ ಕೂಡಿಸಿದರೆ 14,000 ಹೊರಗೇ ಇದೆ. ಅದರಲ್ಲಿ ಅರ್ಧ ಬೆಂಗಳೂರಿಗೆ ಗುಳೆ ಹೋದ ಮನೆಗಳದ್ದು. ಅವರು ಜಾತ್ರೆಗೋ ಹಬ್ಬಕ್ಕೋ ಊರಿಗೆ ಬರುವ ತನಕ ಕಾಯಲೇಬೇಕು. ಉಳಿದದ್ದು ಹತ್ತಿ ಬಿಡಿಸುವ ಕೂಲಿಯವರದು, ಕೂಲಿ ಕೈಗೆ ಬಂದ ವಾರವೇ ಹೋಗಿ ಕೇಳಿದರೆ ಬರುತ್ತದೆ. ‘ಮೊದಲ ಅದನ್ನ ವಸೂಲಿ ಮಾಡಕ್ಕಾ, ಹದಿಮೂರು ಸಾವಿರ ಸಾಲ ಸಾಕು’ ಎಂದು ಸಭೆ ಠರಾವು ಬರೆಯುತ್ತದೆ. ಗುಳೆ ಹೋಗುವ ಮನೆಗೆ ಎಷ್ಟರ ತನಕ ಉದ್ರಿ ಕೊಡಬಹುದು ಎಂಬುದೂ ಅಲ್ಲೇ ಇತ್ಯರ್ಥವಾಗುತ್ತದೆ. ಮಳೆ, ರಾಶಿ, ಗುಳೆಯ ಪಂಚಾಂಗ ಗೊತ್ತಿಲ್ಲದ ಯಾವ ಸಲಹೆಗಾರನೂ ಯಾದಗಿರಿಯ ಕಿರಾಣಿ ಅಂಗಡಿಗೆ ಈ ಬುದ್ಧಿ ಹೇಳಲಾರ.

ಬಳೆ ಮಾರುವಾಕೆಗೆ ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಎಷ್ಟು ಮಾಲು ತರಬೇಕೆಂಬ ಚಿಂತೆ. ಹಿಂದಿನ ವರ್ಷ ಮಾಲು ಉಳಿಸಿಕೊಂಡು ಬಂದ ಇನ್ನೊಬ್ಬಾಕೆ ಸಂಘದಲ್ಲೇ ಇದ್ದರೆ ಅವಳ ಅನುಭವ ಪುಕ್ಕಟೆ ಸಿಗುತ್ತದೆ. ಪಕ್ಕದ ಜಿಲ್ಲೆಯಲ್ಲಿ ರೊಟ್ಟಿ ಬಡಿಯುವ ಹಲವು ಸಂಘಗಳ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರಾಟಕ್ಕಿಳಿದಿರುವುದಕ್ಕೂ ಹೀಗೆ ಕೂಡಿ ಕೂತ ಸಂಘಗಳೇ ಬುನಾದಿ.

ಸಭೆಯ ಸಲಹೆಗೆ ತೂಕ ಬರುವುದು ಸಲಹೆ ಕೊಡುವವಳ ದುಡ್ಡೂ ಅದೇ ಪೆಟ್ಟಿಗೆಯಲ್ಲಿ ಇರುವುದರಿಂದ. ಅಂಗಡಿ ಮುಳುಗಿದರೆ ಅವಳ ಉಳಿತಾಯವೂ ಮುಳುಗುತ್ತದೆ. ಹಾಗಾಗಿ ದಾಕ್ಷಿಣ್ಯಕ್ಕೆ ಹೂಂಗುಟ್ಟುವವರು ಕಡಿಮೆ. ಫೀಸು ತೆಗೆದುಕೊಂಡು ಹೋಗುವ ಸಲಹೆಗಾರನಿಗೆ ಈ ಬಾಧ್ಯತೆ ಇಲ್ಲ.

ತೊಡಕೂ ಇದೆ. ಒಂದೇ ಓಣಿಯ ಇಬ್ಬರು ಕಿರಾಣಿಯವರು ಒಂದೇ ಸಂಘದಲ್ಲಿದ್ದರೆ ಖರೀದಿ ದರ ಬಾಯಿಬಿಡುವುದಿಲ್ಲ. ಹೊರದೇಶದ ಕೂಟಗಳು ಒಂದೇ ವ್ಯಾಪಾರದ ಎದುರಾಳಿಗಳನ್ನು ಒಂದೇ ಗುಂಪಿಗೆ ಸೇರಿಸುವುದಿಲ್ಲ, ಅಲ್ಲಿ ಆಡಿದ ಮಾತು ಹೊರಗೆ ಹೋಗಕೂಡದೆಂಬ ಕಟ್ಟುನಿಟ್ಟೂ ಇದೆ. ನಮ್ಮಲ್ಲಿ ಎರಡನೆಯದು ಬಹಳ ದುರ್ಬಲ. ಸಭೆಯ ಮಾತು ಸಂಜೆಗೆ ನಳದ ಹತ್ತಿರ ತಲುಪಿದರೆ ಮುಂದಿನ ವಾರ ಯಾರೂ ಲೆಕ್ಕ ಬಿಚ್ಚುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಮತ್ತೊಂದು. ಹಲವು ಕಡೆ ಸಭೆ ಕಂತು ಎಣಿಸುವ ಹತ್ತು ನಿಮಿಷಕ್ಕೆ ಇಳಿದಿದೆ. ಒಬ್ಬಾಕೆ ಎಲ್ಲರ ದುಡ್ಡು ತಂದು ಕೊಡುತ್ತಾಳೆ, ಸಹಿ ಬೀಳುತ್ತದೆ, ಮುಗಿಯಿತು. ಆಗ ಸಂಘ ಉಳಿದಂತೆ ಕಂಡರೂ ಸಲಹೆ ಸತ್ತಿರುತ್ತದೆ.

ಪೇಟೆಯ ಗಂಡಸು ವ್ಯಾಪಾರಿಗಳಿಗೂ ಒಂದು ಮಾತು. ವರ್ತಕರ ಸಂಘಗಳು ಸಾಮಾನ್ಯವಾಗಿ ತೆರಿಗೆ, ಪರವಾನಗಿ, ಬಂದ್ ಕರೆಗಳಿಗೆ ಸೇರುತ್ತವೆ. ಹಾರ್ಡ್‌ವೇರ್ ಅಂಗಡಿಯವನು ತನ್ನ ಸಿಲುಕಿದ ಬಾಕಿಯ ಬಗ್ಗೆ ಬಟ್ಟೆ ಅಂಗಡಿಯವನ ಹತ್ತಿರ ಬುದ್ಧಿ ಕೇಳುವುದು ಮಾನಕ್ಕೆ ಕುಂದು ಎಂಬ ಭಾವನೆ ಇನ್ನೂ ಹೋಗಿಲ್ಲ. ಆ ಹಿಂಜರಿಕೆಗೆ ತೆರುವ ಬೆಲೆ ಬಡ್ಡಿಯ ರೂಪದಲ್ಲಿ ಹೋಗುತ್ತಿದೆ.

ಸಂಘದ ಅಕ್ಕಂದಿರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಭೆಯಿಂದ ಪೆಟ್ಟಿಗೆಯ ಬೀಗ ತೆಗೆಯುವ ಮೊದಲು ಅರ್ಧ ತಾಸು ಒಬ್ಬರ ವ್ಯಾಪಾರದ ಲೆಕ್ಕಕ್ಕೆ ಮೀಸಲಿಡಿ, ವಾರಕ್ಕೊಬ್ಬರ ಸರದಿಯಂತೆ. ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಎಂಬುದನ್ನೂ ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ.