ಯಂತ್ರವು ತನ್ನ ದೋಷವನ್ನು ಹೇಳಿಕೊಳ್ಳುವ ಬಗೆ

ಅಂತರಸನಹಳ್ಳಿಯ ಸುತ್ತಮುತ್ತಣ ತೆಂಗು ಅಡಕೆಯ ತೋಟಗಳಲ್ಲಿ ಕೊಳವೆಬಾವಿಯ ಮೋಟಾರಿಗೆ ಜೋಡಿಸಿದ ಸ್ಟಾರ್ಟರ್ ಪೆಟ್ಟಿಗೆಯನ್ನು ಕಾಣದವರು ನಮ್ಮಲ್ಲಿ ವಿರಳ. ರೈತನು ಹಸಿರು ಗುಂಡಿಯನ್ನು ಒತ್ತುತ್ತಾನೆ. ಪೆಟ್ಟಿಗೆಯು ಮೂರು ಫೇಸುಗಳ ವಿದ್ಯುತ್ತನ್ನು ಮೋಟಾರಿಗೆ ಕೊಡುತ್ತದೆ. ಒಂದು ಫೇಸು ತಪ್ಪಿಹೋದರೆ ಅಥವಾ ಮೋಟಾರಿನ ಮೇಲೆ ಹೊರೆ ಹೆಚ್ಚಾದರೆ, ಪೆಟ್ಟಿಗೆಯೊಳಗಿನ ರಿಲೇ ಸಂಪರ್ಕವನ್ನು ಕಡಿದುಬಿಡುತ್ತದೆ. ತಾಳ್ಮೆಗೆಟ್ಟ ಕೆಲವರು ಗುಂಡಿಗೆ ಕಡ್ಡಿ ಸಿಕ್ಕಿಸಿ, ಇಲ್ಲವೇ ರಿಲೇಯನ್ನು ಬಿಟ್ಟು ನೇರವಾಗಿ ತಂತಿ ಎಳೆದು ಮೋಟಾರನ್ನು ಓಡಿಸುವುದುಂಟು. ನೀರು ಸ್ವಲ್ಪ ಹೊತ್ತು ಬರುತ್ತದೆ; ಅನಂತರ ಸುರುಳಿ ಸುಟ್ಟು ಮೋಟಾರನ್ನು ಬಾವಿಯಿಂದ ಮೇಲೆತ್ತಿಸಬೇಕಾಗುತ್ತದೆ. ರಿಲೇ ಕೆಲಸ ಕೆಡಿಸಲು ಬಂದದ್ದಲ್ಲ, ಸುದ್ದಿ ಹೇಳಲು ಬಂದದ್ದು ಎಂಬುದು ಆಗ ಅರಿವಾಗುತ್ತದೆ.

ಗಣಕಯಂತ್ರದಲ್ಲಿಯೂ ಆಜ್ಞೆ ಕೊಡುವ ಭಾಗಕ್ಕೂ ಕೆಲಸ ಮಾಡುವ ಉಪಕರಣಕ್ಕೂ ನಡುವೆ ಇಂಥದೇ ಒಂದು ಮಧ್ಯಸ್ಥ ಕ್ರಮವಿಧಿ ಇರುತ್ತದೆ. ಅದನ್ನು 'ಡ್ರೈವರ್' ಎನ್ನುತ್ತಾರೆ, ನಾವು ಚಾಲಕವೆನ್ನೋಣ. ಚಾಲಕವು ದೋಷ ಬಂದಾಗ ಹೇಗೆ ವರ್ತಿಸಬೇಕು, ವಿದ್ಯುತ್ತನ್ನು ಹೇಗೆ ಮಿತವಾಗಿ ಬಳಸಬೇಕು ಎಂಬ ಎರಡು ವಿಷಯಗಳನ್ನು ವಿವರಿಸುವುದೂ, ನಮ್ಮ ಶಿಕ್ಷಕರು ಸ್ವಹಸ್ತದಿಂದ ನಡೆಸುವ ಮತಯಂತ್ರದಲ್ಲಿ ಅವೇ ತತ್ವಗಳನ್ನು ಗುರುತಿಸುವುದೂ ಪ್ರಕೃತ ಲೇಖನದ ಉದ್ದೇಶ.

ಚಾಲಕವೆಂದರೇನು?

ಕೀಲಿಮಣೆ, ಮುದ್ರಕ, ತೆರೆ, ಸಂಗ್ರಹ ಫಲಕ ಮೊದಲಾದ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಆದ ಸಂಕೇತಭಾಷೆ ಇದೆ. ಗಣಕದ ಮುಖ್ಯ ಕ್ರಮವಿಧಿಗೆ ಇವೆಲ್ಲವೂ ತಿಳಿದಿರಲು ಸಾಧ್ಯವಿಲ್ಲ. ಆದಕಾರಣ ಪ್ರತಿ ಉಪಕರಣಕ್ಕೂ ಒಂದು ಚಾಲಕವನ್ನು ಬರೆಯುತ್ತಾರೆ; ಅದು ಇಬ್ಬರ ನಡುವಣ ದುಭಾಷಿಯಂತೆ ಕೆಲಸ ಮಾಡುತ್ತದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ವ್ಯವಸ್ಥೆಯ ತಿರುಳಿನಲ್ಲಿ ಇಂದು ಅರ್ಧಕ್ಕೂ ಹೆಚ್ಚಿನ ಸಾಲುಗಳು ಚಾಲಕಗಳಿಗೇ ಸೇರಿವೆ.

ಉಪಕರಣವು ಸುಸ್ಥಿತಿಯಲ್ಲಿರುವಾಗ ಚಾಲಕದ ಕೆಲಸ ಸುಲಭ. ಕಾಗದ ಮುಗಿದಾಗ, ತಂತಿ ಸಡಿಲವಾದಾಗ, ವಿದ್ಯುತ್ತು ಕುಂದಿದಾಗ ಅದರ ಯೋಗ್ಯತೆ ಪರೀಕ್ಷೆಗೊಳಗಾಗುತ್ತದೆ.

ದೋಷನಿರ್ವಹಣೆಯ ನಾಲ್ಕು ನಿಯಮಗಳು

ಮೊದಲನೆಯದು, ಕಾಯುವುದಕ್ಕೆ ಒಂದು ಮಿತಿ ಇರಬೇಕು. ಉಪಕರಣಕ್ಕೆ ಪ್ರಶ್ನೆ ಕಳುಹಿಸಿದ ಚಾಲಕವು ಉತ್ತರ ಬಾರದಿದ್ದರೆ ಎಂದೆಂದಿಗೂ ಕಾಯುತ್ತ ಕೂರಬಾರದು. ಗೊತ್ತಾದ ಅವಧಿ ಕಳೆದೊಡನೆ 'ಉತ್ತರವಿಲ್ಲ' ಎಂದು ತೀರ್ಮಾನಿಸಬೇಕು.

ಎರಡನೆಯದು, ಕೆಲಸವಾಯಿತೆಂದು ಊಹಿಸದೆ ಪರಿಶೀಲಿಸಬೇಕು. ಆಜ್ಞೆ ಕಳುಹಿಸಿದ್ದು ಬೇರೆ, ಆಜ್ಞೆ ನೆರವೇರಿದ್ದು ಬೇರೆ.

ಮೂರನೆಯದು, ಅರ್ಧಕ್ಕೆ ನಿಂತ ಕೆಲಸವನ್ನು ಹಿಮ್ಮುಖ ಕ್ರಮದಲ್ಲಿ ಬಿಡಿಸಬೇಕು. ಚಾಲಕವು ಮೊದಲು ಸ್ಮೃತಿಕೋಶದಲ್ಲಿ ಸ್ಥಳ ಪಡೆದು, ಅನಂತರ ಸಂಪರ್ಕ ಪಡೆದು, ಮೂರನೆಯ ಹಂತದಲ್ಲಿ ವಿಫಲವಾಯಿತೆನ್ನಿ. ಆಗ ಸಂಪರ್ಕವನ್ನು ಮೊದಲು ಬಿಟ್ಟು, ಬಳಿಕ ಸ್ಥಳವನ್ನು ಬಿಟ್ಟುಕೊಡಬೇಕು. ಒಂದರ ಮೇಲೊಂದು ಪೇರಿಸಿದ ತಟ್ಟೆಗಳಲ್ಲಿ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವಂತೆ ಇದು.

ನಾಲ್ಕನೆಯದು, ದೋಷವನ್ನು ದೋಷವೆಂದೇ ಮೇಲಿನವರಿಗೆ ತಿಳಿಸಬೇಕು. ಅದು ಸಾಮಾನ್ಯ ಉತ್ತರದೊಡನೆ ಬೆರೆತುಹೋಗಬಾರದು.

ಈ ಕೊನೆಯ ನಿಯಮ ತಪ್ಪಿದಾಗ ಆಗುವ ಅನಾಹುತಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವುಂಟು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟಿನ ಪ್ರಥಮ ಉಡಾವಣೆ ದಕ್ಷಿಣ ಅಮೆರಿಕದ ಕೂರೂ ಕೇಂದ್ರದಿಂದ ನಡೆಯಿತು. ರಾಕೆಟ್ಟಿನ ದಿಕ್ಕನ್ನು ಅಳೆಯುವ ಉಪಕರಣದ ಕ್ರಮವಿಧಿಯು ಹಿಂದಿನ ಏರಿಯಾನ್-4ರಿಂದ ಬಂದದ್ದು. ಹೊಸ ರಾಕೆಟ್ಟಿನ ವೇಗ ಹೆಚ್ಚಿದ್ದುದರಿಂದ ಒಂದು ಸಂಖ್ಯೆ ತನಗೆ ಮೀಸಲಾದ 16 ಬಿಟ್ಟುಗಳ ಅಂಕಣದಲ್ಲಿ ಹಿಡಿಸದೆ ಹೋಯಿತು. ಆ ದೋಷಕ್ಕೆ ಏರ್ಪಾಟಿರಲಿಲ್ಲ. ಉಪಕರಣ ಕೆಲಸ ನಿಲ್ಲಿಸಿತು. ಅದರ ಬದಲಿ ಉಪಕರಣವೂ ಅದೇ ಕಾರಣಕ್ಕೆ ಆಗಲೇ ನಿಂತಿತ್ತು. ನಿಲ್ಲುವ ಮುನ್ನ ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಗಣಕವು ನಿಜವಾದ ದಿಕ್ಕಿನ ಮಾಹಿತಿಯೆಂದೇ ಓದಿ, ಎಂಜಿನ್ನಿನ ಕೊಳವೆಗಳನ್ನು ಪೂರ್ತಿ ಒಂದು ಬದಿಗೆ ತಿರುಗಿಸಿತು. ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ಛಿದ್ರವಾಯಿತು. ಕಳುಹಿಸಿದ್ದು ದೋಷದ ಸುದ್ದಿಯೇ ಆದರೂ, ಅದು ದೋಷವೆಂಬುದು ಓದಿದವನಿಗೆ ತಿಳಿಯಲಿಲ್ಲ.

ವಿದ್ಯುತ್ತಿನ ಮಿತವ್ಯಯ

ಚಾಲಕದ ಮತ್ತೊಂದು ಹೊಣೆ ಉಪಕರಣವನ್ನು ಸಕಾಲಕ್ಕೆ ಮಲಗಿಸಿ ಸಕಾಲಕ್ಕೆ ಎಬ್ಬಿಸುವುದು. ಬ್ಯಾಟರಿಯಿಂದ ನಡೆಯುವ ಯಂತ್ರಕ್ಕೆ ಇದು ಜೀವನ್ಮರಣದ ಪ್ರಶ್ನೆ. ಇಲ್ಲಿಯೂ ಕ್ರಮ ಮುಖ್ಯ. ಒಂದು ಉಪಕರಣವು ಇನ್ನೊಂದರ ಆಸರೆಯಲ್ಲಿ ನಿಂತಿದ್ದರೆ, ಆಶ್ರಿತವನ್ನು ಮೊದಲು ಮಲಗಿಸಿ ಅನಂತರ ಆಶ್ರಯವನ್ನು ಮಲಗಿಸಬೇಕು; ಎಬ್ಬಿಸುವಾಗ ಆಶ್ರಯ ಮೊದಲು, ಆಶ್ರಿತ ಅನಂತರ. ಮಲಗುವ ಮುನ್ನ ಉಪಕರಣದ ಸ್ಥಿತಿಯನ್ನು ವಿದ್ಯುತ್ತಿಲ್ಲದೆಯೂ ಅಳಿಯದಂಥ ಸ್ಥಳದಲ್ಲಿ ಬರೆದಿಡಬೇಕು. ಎದ್ದ ಮೇಲೆ ಹಳೆಯ ಸ್ಥಿತಿಯೇ ಇದೆಯೆಂದು ನಂಬದೆ ಮತ್ತೆ ಪರೀಕ್ಷಿಸಬೇಕು. ನಿದ್ರೆಯ ವೇಳೆಯಲ್ಲಿ ಯಾರಾದರೂ ತಂತಿ ಕಿತ್ತಿರಬಹುದಷ್ಟೆ!

ಜಾಲಹಳ್ಳಿಯ ಯಂತ್ರ

ಈ ತತ್ವಗಳನ್ನು ಕಣ್ಣಾರೆ ಕಾಣಲು ನಾವು ದೂರ ಹೋಗಬೇಕಾಗಿಲ್ಲ. ತುಮಕೂರಿನಿಂದ ಬೆಂಗಳೂರನ್ನು ಪ್ರವೇಶಿಸುವಾಗ ಎಡಕ್ಕೆ ಸಿಗುವ ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಿದೆ. ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಅದೊಂದು. ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್.

ಮತಯಂತ್ರವು ಮೊದಲು ಬಳಕೆಯಾದದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಅವಕಾಶವಿಲ್ಲವೆಂಬ ಕಾರಣದಿಂದ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಬಳಕೆಯನ್ನು ಒಪ್ಪಲಿಲ್ಲ. 1988ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿತ್ವ ಕಾಯಿದೆಗೆ ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಲ್ಲಿಯೂ ಯಂತ್ರದ ಮೂಲಕವೇ ಮತದಾನ ನಡೆಯಿತು. ಮತದಾರನಿಗೆ ತನ್ನ ಮತವನ್ನು ಕಾಗದದ ಮೇಲೆ ತೋರಿಸುವ ಮತಖಾತ್ರಿ ಯಂತ್ರ, ಅಂದರೆ ವಿವಿಪ್ಯಾಟ್, 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಂದಿತು.

ಮತಗಟ್ಟೆಯ ಮೇಜಿನ ಮೇಲೆ

ಚುನಾವಣೆಯ ದಿನ ಶಾಲೆಯ ಕೊಠಡಿಯೇ ಮತಗಟ್ಟೆಯಾಗುತ್ತದೆ, ಶಿಕ್ಷಕರೇ ಅಧ್ಯಕ್ಷಾಧಿಕಾರಿಗಳಾಗುತ್ತಾರೆ. ಅವರ ವಶಕ್ಕೆ ಬರುವ ಸಾಮಗ್ರಿಯಲ್ಲಿ ಮತದಾನ ಘಟಕ, ವಿವಿಪ್ಯಾಟ್, ನಿಯಂತ್ರಣ ಘಟಕ ಎಂಬ ಮೂರು ಭಾಗಗಳಿರುತ್ತವೆ. ಮತದಾನ ಘಟಕದ ತಂತಿ ವಿವಿಪ್ಯಾಟಿಗೆ, ವಿವಿಪ್ಯಾಟಿನ ತಂತಿ ನಿಯಂತ್ರಣ ಘಟಕಕ್ಕೆ. ನಿಯಂತ್ರಣ ಘಟಕವು ಆರಿರುವಾಗ ಮಾತ್ರ ತಂತಿಗಳನ್ನು ಜೋಡಿಸಬೇಕು ಅಥವಾ ಬಿಡಿಸಬೇಕು. ವಿವಿಪ್ಯಾಟಿನ ಹಿಂಬದಿಯ ಗುಬುಟನ್ನು ಸಾಗಾಣಿಕೆಯ ಅಡ್ಡ ಸ್ಥಿತಿಯಿಂದ ಕೆಲಸದ ಲಂಬ ಸ್ಥಿತಿಗೆ ತಿರುಗಿಸಿದ ಮೇಲೆಯೇ ಚಾಲನೆ ಕೊಡಬೇಕು. ತರಬೇತಿಯಲ್ಲಿ ಬಾಯಿಪಾಠ ಮಾಡಿಸುವ ಈ ಕ್ರಮದ ಹಿಂದೆ ಇರುವುದು, ಎಲ್ಲವೂ ಸಿದ್ಧವಾದ ಮೇಲೆಯೇ ಎಬ್ಬಿಸಬೇಕೆಂಬ ಮೇಲಿನ ನಿಯಮವೇ. ತಂತಿಯ ಸಂಪರ್ಕ ಸರಿಯಿಲ್ಲದಿದ್ದರೆ ನಿಯಂತ್ರಣ ಘಟಕವು 'ಲಿಂಕ್ ಎರರ್' ಎಂದು ತೋರಿಸುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ನಿಯಂತ್ರಣ ಘಟಕದ ಬ್ಯಾಟರಿ 7.5 ವೋಲ್ಟಿನದು, ಮತದಾನ ಘಟಕಕ್ಕೂ ಅದರಿಂದಲೇ ವಿದ್ಯುತ್ತು. ಮುದ್ರಿಸುವ, ಕತ್ತರಿಸುವ ಹೆಚ್ಚಿನ ಕೆಲಸವುಳ್ಳ ವಿವಿಪ್ಯಾಟಿಗೆ 22.5 ವೋಲ್ಟಿನ ಬೇರೆ ಬ್ಯಾಟರಿ. ಹೀಗಾಗಿ ಊರಿನಲ್ಲಿ ಕರೆಂಟು ಹೋದರೂ ಮತದಾನ ನಿಲ್ಲುವುದಿಲ್ಲ. ನಿಯಂತ್ರಣ ಘಟಕದ ಬ್ಯಾಟರಿ ನಡುವೆ ಮುಗಿದರೂ ದಾಖಲಾದ ಮತಗಳು ಅಳಿಯುವುದಿಲ್ಲ. ಘಟಕವನ್ನು ಆರಿಸಿ, ಏಜೆಂಟರ ಸಮಕ್ಷಮದಲ್ಲಿ ಬ್ಯಾಟರಿ ಬದಲಿಸಿ, ಮತ್ತೆ ಮೊಹರು ಹಾಕಿ ಮತದಾನ ಮುಂದುವರಿಸಬಹುದು.

ಬ್ಯಾಟರಿಯ ಅಳತೆಯ ಬಗ್ಗೆ ಒಂದು ಮಾತು. 2024ರ ಅಕ್ಟೋಬರಿನಲ್ಲಿ ಹರಿಯಾಣದ ಮತಎಣಿಕೆಯ ವೇಳೆ ಕೆಲವು ಯಂತ್ರಗಳು ಇನ್ನೂ 99% ಎಂದು ತೋರಿದ್ದು ವಿವಾದವಾಯಿತು. ಚುನಾವಣಾ ಆಯೋಗ ಕೊಟ್ಟ ವಿವರಣೆ ಹೀಗಿದೆ: ವೋಲ್ಟೇಜು 7.4ಕ್ಕಿಂತ ಮೇಲಿರುವವರೆಗೂ ಯಂತ್ರವು 99% ಎಂದೇ ತೋರಿಸುತ್ತದೆ, ಅದಕ್ಕಿಂತ ಇಳಿದ ಮೇಲೆ ಮಾತ್ರ ನಿಜವಾದ ಶೇಕಡಾ ಅಂಕಿ ಕಾಣುತ್ತದೆ, 5.8 ವೋಲ್ಟಿನವರೆಗೆ ಯಂತ್ರ ನಡೆಯುತ್ತದೆ. ಎಚ್ಚರಿಕೆ ಬೇಕಾದಾಗ ಎಚ್ಚರಿಸುವುದು ಆ ಅಂಕಿಯ ಕೆಲಸ. ಆದರೆ ಅಂಕಿಯ ಅರ್ಥವನ್ನು ಮೊದಲೇ ಜನರಿಗೆ ತಿಳಿಸದಿದ್ದರೆ ಸರಿಯಾದ ಸೂಚನೆಯೂ ಸಂಶಯಕ್ಕೆ ಎಡೆಗೊಡುತ್ತದೆ ಎಂಬ ಪಾಠವೂ ಇಲ್ಲಿದೆ.

ತೂಗುವ ಚೀಟಿ

ಈಗ ಮುಖ್ಯ ಪ್ರಸಂಗಕ್ಕೆ ಬರೋಣ. ಅಧಿಕಾರಿಯು 'ಬ್ಯಾಲಟ್' ಗುಂಡಿ ಒತ್ತಿದಾಗ ಮತದಾನ ಘಟಕದಲ್ಲಿ ಹಸಿರು ದೀಪ ಬೆಳಗುತ್ತದೆ. ಮತದಾರನು ನೀಲಿ ಗುಂಡಿ ಒತ್ತುತ್ತಾನೆ. ವಿವಿಪ್ಯಾಟಿನ ಕಿಟಕಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳುಳ್ಳ ಚೀಟಿ 7 ಸೆಕೆಂಡು ಕಾಣಿಸಿ, ಕತ್ತರಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ದೀರ್ಘವಾದ ಸದ್ದು ಕೇಳಿಬರುತ್ತದೆ.

ಚೀಟಿ ಮುದ್ರಣವಾದ ಮೇಲೆ, ಕತ್ತರಿಸುವುದಕ್ಕೆ ಮುನ್ನ, ಬ್ಯಾಟರಿ ಮುಗಿದುಹೋದರೆ? ಚೀಟಿ ಕಾಗದದ ಸುರುಳಿಗೆ ಅಂಟಿಕೊಂಡೇ ತೂಗುತ್ತಿರುತ್ತದೆ. ಹೊರಗೆ ಸರತಿ ಸಾಲು ಬೆಳೆಯುತ್ತಿದೆ, ಏಜೆಂಟರು ಪ್ರಶ್ನಿಸುತ್ತಿದ್ದಾರೆ. ಯಂತ್ರವನ್ನು ಅಲುಗಾಡಿಸಿ ಚೀಟಿಯನ್ನು ಬೀಳಿಸಿಬಿಡೋಣವೆಂದು ಯಾರಿಗಾದರೂ ತೋರುವುದು ಸಹಜ.

ಆಯೋಗದ ಸೂಚನೆ ಇಲ್ಲಿ ಬಹಳ ಸ್ಪಷ್ಟವಾಗಿದೆ. ಆ ಚೀಟಿಯನ್ನು ಬೀಳಿಸಲು ಯತ್ನಿಸಕೂಡದು. ಅದು ಹಾಗೆಯೇ ತೂಗಲಿ. ಏಕೆಂದರೆ ಆ ಮತ ನಿಯಂತ್ರಣ ಘಟಕದಲ್ಲಿ ದಾಖಲಾಗಿಲ್ಲ. ಕಾಗದದ ಕೆಲಸ ಪೂರ್ಣವಾಗದೆ ಯಂತ್ರವು ಮತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೋಷ ನಿವಾರಣೆಯಾದ ಬಳಿಕ ಆ ಮತದಾರನಿಗೆ ಮತ್ತೆ ಮತ ಹಾಕಲು ಅವಕಾಶ ಕೊಟ್ಟು, ನಡೆದದ್ದನ್ನು ಅಧ್ಯಕ್ಷಾಧಿಕಾರಿಯ ದಿನಚರಿಯಲ್ಲಿ ಬರೆಯಬೇಕು. ಪರಿಶೀಲಿಸದೆ ನಂಬಬೇಡ, ಅರ್ಧ ಕೆಲಸವನ್ನು ಪೂರ್ಣವೆಂದು ಎಣಿಸಬೇಡ, ದೋಷವನ್ನು ದೋಷವೆಂದೇ ತಿಳಿಸು ಎಂಬ ನಿಯಮಗಳು ಇಲ್ಲಿ ಒಂದೇ ಘಟನೆಯಲ್ಲಿ ಕೂಡಿವೆ.

ತೂಗುವ ಚೀಟಿಯನ್ನು ಬೀಳಿಸಿದರೆ ಆಗುವುದೇನು? ಮತದಾರನು ಎರಡನೆಯ ಬಾರಿ ಹಾಕಿದ ಮತವೂ ಸೇರಿ ಪೆಟ್ಟಿಗೆಯಲ್ಲಿ ಅವನ ಚೀಟಿಗಳು ಎರಡಾಗುತ್ತವೆ. ಯಂತ್ರದಲ್ಲಿ ಮತ ಒಂದೇ. 2019ರ ಏಪ್ರಿಲಿನ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅವುಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಎರಡು ಲೆಕ್ಕಗಳೂ ಹೊಂದದಿದ್ದರೆ ನಿಯಮದ ಪ್ರಕಾರ ಕಾಗದದ ಲೆಕ್ಕವೇ ಅಂತಿಮ. ಸದುದ್ದೇಶದಿಂದ ಯಂತ್ರವನ್ನು ಒಮ್ಮೆ ತಟ್ಟಿದ ಕೈಯೇ ಹೀಗೆ ತಪ್ಪು ಲೆಕ್ಕವನ್ನು ಸರಿಯಾದ ಲೆಕ್ಕದ ಸ್ಥಾನದಲ್ಲಿ ಕೂರಿಸಬಹುದು. ಸ್ಟಾರ್ಟರಿನ ಗುಂಡಿಗೆ ಕಡ್ಡಿ ಸಿಕ್ಕಿಸಿದ ರೈತನಿಗೆ ಹೋದದ್ದು ಮೋಟಾರು. ಇಲ್ಲಿ ಹೋಗುವುದು ಒಂದು ಮತಗಟ್ಟೆಯ ಮೇಲೆ ಊರವರಿಟ್ಟ ನಂಬಿಕೆ.

ಮುಕ್ತಾಯ

ಯಂತ್ರವು ತನ್ನ ಸಾಮರ್ಥ್ಯವಿರುವಷ್ಟು ದೂರ ದೋಷವನ್ನು ತಾನೇ ನಿರ್ವಹಿಸಿ, ಅದರಾಚೆಗಿನದನ್ನು ಮನುಷ್ಯನಿಗೆ ಒಪ್ಪಿಸುತ್ತದೆ. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸುವುದು, ಉಳಿದೆರಡರಲ್ಲಿ ಯಾವುದು ಕೆಟ್ಟರೂ ಮೂರನ್ನೂ ಬದಲಿಸಿ, ನೋಟಾ ಸಹಿತ ಪ್ರತಿ ಅಭ್ಯರ್ಥಿಗೆ ಒಂದೊಂದು ಮತ ಹಾಕಿ ಅಣಕು ಮತದಾನ ನಡೆಸುವುದು, ಸೆಕ್ಟರ್ ಅಧಿಕಾರಿಗೆ ತಿಳಿಸುವುದು, ದಿನಚರಿಯಲ್ಲಿ ಬರೆಯುವುದು ಇವೆಲ್ಲ ಮೇಜಿನ ಮುಂದೆ ಕುಳಿತ ಶಿಕ್ಷಕರ ಪಾಲಿನ ಕೆಲಸ.

ಇಂದು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತುಮಕೂರು ಬೆಂಗಳೂರುಗಳ ಕಾರ್ಖಾನೆಗಳಲ್ಲಿಯೂ ಗಣಕ ಸಂಸ್ಥೆಗಳಲ್ಲಿಯೂ ದುಡಿಯುತ್ತಿದ್ದಾರೆ. ನಾಳೆ ಚಾಲಕಗಳನ್ನು ಬರೆಯುವವರು ಇಂದು ನಮ್ಮ ತರಗತಿಗಳಲ್ಲಿ ಲೆಕ್ಕ ಮಾಡುತ್ತಿರಬಹುದು. ತಪ್ಪಿದ ಲೆಕ್ಕವನ್ನು ಅಳಿಸಿ ಉತ್ತರವನ್ನು ನಕಲು ಮಾಡುವ ಬಾಲಕನಿಗಿಂತ, 'ಈ ಹಂತದವರೆಗೆ ಸರಿ, ಇಲ್ಲಿಂದ ಮುಂದೆ ತಿಳಿಯಲಿಲ್ಲ' ಎಂದು ಬರೆದಿಟ್ಟ ಬಾಲಕನಿಗೆ ನಾವು ಎರಡು ಅಂಕ ಹೆಚ್ಚು ಕೊಡುವುದಾದರೆ, ಈ ವಿದ್ಯೆಯ ಮೊದಲ ಪಾಠವನ್ನು ನಮ್ಮ ಶಾಲೆಯಲ್ಲಿಯೇ ಕಲಿಸಿದಂತಾಗುತ್ತದೆ.