ಪೆಟ್ಟು ಬಿದ್ದದ್ದು ಬೆನ್ನಿಗೆ, ನರ್ಸ್ ಅಳೆಯುವುದು ಮೂತ್ರ: ಯಾಕೆ ಗೊತ್ತಾ?

ಸಕಲೇಶಪುರ/ಆಲೂರು: ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕಿದವರು ಬೀಳುತ್ತಾರೆ. ಮರಗಸಿ ಮಾಡುವವರು ಕೊಂಬೆ ಸಮೇತ ಕೆಳಗೆ ಬರುತ್ತಾರೆ. ಹೆದ್ದಾರಿ 75ರಲ್ಲಿ ಬೈಕ್ ಜಾರುತ್ತದೆ, ತೋಟದ ದಾರಿಯಲ್ಲಿ ಕಾಡಾನೆ ಎದುರಾಗುತ್ತದೆ, ತರಗೆಲೆಯೊಳಗೆ ಮಲಗಿದ್ದ ಹಾವು ಕಚ್ಚುತ್ತದೆ. ನಮ್ಮ ಎರಡೂ ತಾಲ್ಲೂಕಿನಲ್ಲಿ ಇವು ಹೊಸ ಸುದ್ದಿಯಲ್ಲ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯವರಿಂದ ಒಂದು ದೂರು ಸಾಮಾನ್ಯವಾಗಿ ಕೇಳಿಬರುತ್ತದೆ: 'ಪೆಟ್ಟು ಬಿದ್ದಿರೋದು ತಲೆಗೆ, ಬೆನ್ನಿಗೆ. ನರ್ಸ್ ನೋಡಿದ್ರೆ ಗಂಟೆಗೊಂದ್ಸಲ ಕಣ್ಣಿಗೆ ಟಾರ್ಚ್ ಬಿಟ್ಟು, ಮೂತ್ರ ಎಷ್ಟು ಬಂತು ಅಂತ ಬರ್ಕೊಂಡು ಹೋಗ್ತಾರೆ ಅಷ್ಟೆ.'

ಆದರೆ ಈ ಬರೆದುಕೊಳ್ಳುವ ಕೆಲಸದಿಂದಲೇ ಎಷ್ಟೋ ಜೀವ ಉಳಿಯುತ್ತದೆ. ತಲೆ, ಬೆನ್ನುಹುರಿ, ಕಿಡ್ನಿ ಬೇರೆ ಬೇರೆ ಅಂಗಗಳಾದರೂ ದೊಡ್ಡ ಪೆಟ್ಟು ಬಿದ್ದಾಗ ಒಂದರ ತೊಂದರೆ ಇನ್ನೊಂದಕ್ಕೆ ದಾಟುತ್ತದೆ. ಹೇಗೆ ಅನ್ನೋದನ್ನು ತಿಳಿದುಕೊಂಡರೆ ಆಸ್ಪತ್ರೆಯಲ್ಲಿ ಗಾಬರಿ ಕಡಿಮೆಯಾಗುತ್ತದೆ, ಮನೆಗೆ ಬಂದ ಮೇಲಿನ ಆರೈಕೆಯೂ ಸುಲಭವಾಗುತ್ತದೆ.

ಮೊದಲ ಗಂಟೆ ಅಂಗಡಿಯವರ ಕೈಯಲ್ಲಿ

ರಸ್ತೆಯಲ್ಲಿ ಅಪಘಾತವಾದಾಗ ಮೊದಲು ಓಡಿ ಬರುವವರು ಪಕ್ಕದ ಅಂಗಡಿ, ಹೋಟೆಲ್, ಗ್ಯಾರೇಜಿನವರು. ತೋಟದಲ್ಲಾದರೆ ಜೊತೆಯ ಕಾರ್ಮಿಕರು, ರೈಟರ್. ಅವರು ಮೊದಲು 108ಕ್ಕೆ ಫೋನ್ ಮಾಡಬೇಕು. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು.

ಎತ್ತರದಿಂದ ಬಿದ್ದವರನ್ನು, ಬೈಕಿನಿಂದ ಎಗರಿ ಬಿದ್ದವರನ್ನು ಕೈಕಾಲು ಹಿಡಿದು ಎತ್ತಲೇಬಾರದು. 'ಎದ್ದು ಕೂತ್ಕೊಳಪ್ಪ, ನೀರು ಕುಡಿ' ಅನ್ನುವುದೂ ಬೇಡ. ಮುರಿದ ಬೆನ್ನೆಲುಬು ಒಮ್ಮೆ ಬಾಗಿದರೂ ಒಳಗಿನ ಹುರಿ ಜಜ್ಜಿಹೋಗಬಹುದು. ನಡೆಯಬಹುದಾಗಿದ್ದ ಮನುಷ್ಯ ಹಾಸಿಗೆ ಹಿಡಿಯುವುದು ಕೆಲವೊಮ್ಮೆ ಹೀಗೆ. ಜೀಪಿನಲ್ಲೇ ಸಾಗಿಸಬೇಕಾದ ಅನಿವಾರ್ಯ ಬಂದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಅಲುಗದಂತೆ ಹಿಡಿಯಬೇಕು, ಉಳಿದ ಮೂವರು ನಾಲ್ವರು ದೇಹವನ್ನು ಮರದ ದಿಮ್ಮಿ ಉರುಳಿಸಿದಂತೆ ಒಟ್ಟಿಗೇ ಹೊರಳಿಸಿ ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಬೇಕು.

'ಪೊಲೀಸ್ ಕೇಸು, ಕೋರ್ಟು ಅಂತ ಅಲೆಯೋದು ಯಾರು' ಎಂಬ ಹೆದರಿಕೆ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ.

ಕಣ್ಣಿಗೆ ಟಾರ್ಚ್ ಯಾಕೆ?

ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಆಲೂರಿನ ತಾಲ್ಲೂಕು ಆಸ್ಪತ್ರೆಗೋ ಬಂದ ಗಂಭೀರ ಗಾಯಾಳುಗಳನ್ನು ಹಾಸನದ ಹಿಮ್ಸ್‌ಗೆ, ಅಲ್ಲಿಂದ ಅಗತ್ಯ ಬಿದ್ದರೆ ಬೆಂಗಳೂರು ಅಥವಾ ಮಂಗಳೂರಿಗೆ ಕಳಿಸಲಾಗುತ್ತದೆ. ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರ್. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದಾಗ ಕಂಡಂತೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಮಂಗಳೂರಿನ ನೇರ ದಾರಿಯೂ ಇಲ್ಲ. ಆದ್ದರಿಂದ ರೋಗಿ ಎಷ್ಟು ಬೇಗ ಹದಗೆಡುತ್ತಿದ್ದಾರೆ ಎಂಬುದನ್ನು ಮೊದಲೇ ಹಿಡಿಯಬೇಕು. ಪಕ್ಕದಲ್ಲೇ ಇದ್ದು ಅದನ್ನು ಹಿಡಿಯುವವರು ನರ್ಸ್.

ತಲೆಬುರುಡೆ ಗಟ್ಟಿ ಡಬ್ಬಿ ಇದ್ದಂತೆ. ಒಳಗೆ ರಕ್ತ ಸೋರಿದರೆ ಹೊರಗೆ ಬರಲು ಜಾಗವಿಲ್ಲ, ಮಿದುಳನ್ನೇ ಒತ್ತುತ್ತದೆ. ಆಗ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಬಹುದು, ಬೆಳಕಿಗೆ ಕುಗ್ಗದೇ ಇರಬಹುದು. ಟಾರ್ಚ್ ಬಿಡುವುದು ಇದನ್ನು ನೋಡಲಿಕ್ಕೆ. ಹೆಸರು ಕೇಳುವುದು, 'ಕೈ ಎತ್ತಿ' ಎನ್ನುವುದು, ಉಗುರು ಒತ್ತಿ ನೋಡುವುದು ಕೂಡ ಲೆಕ್ಕವೇ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಮೂರಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಪೂರ್ತಿ ಎಚ್ಚರವಿದ್ದರೆ 15, ತೀರಾ ಕಡಿಮೆ ಅಂದರೆ 3. ಎಂಟು ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಉಸಿರಾಟಕ್ಕೇ ಅಪಾಯ. ಬೆಳಿಗ್ಗೆ 14 ಇದ್ದದ್ದು ಮಧ್ಯಾಹ್ನ 12 ಆಯಿತು ಎಂದರೆ, ನೋಡಲಿಕ್ಕೆ ನಿದ್ದೆ ಮಾಡಿದಂತೆ ಕಂಡರೂ ಅದು ತುರ್ತು ಪರಿಸ್ಥಿತಿ.

ಕೆಲವರು ಬಿದ್ದ ಕೂಡಲೇ ಎದ್ದು 'ಏನೂ ಆಗಿಲ್ಲ ಬಿಡ್ರಿ' ಅಂತ ಮನೆಗೆ ಹೋಗುತ್ತಾರೆ. ರಕ್ತ ನಿಧಾನವಾಗಿ ಸೋರಿ ಗಂಟೆಗಳ ನಂತರ ಕುಸಿಯಬಹುದು. ಮೊದಲ 24ರಿಂದ 48 ಗಂಟೆಯಲ್ಲಿ ಪದೇ ಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕುಡಿದಿದ್ದಾರೆ, ಅಮಲಿಳಿದರೆ ಏಳ್ತಾರೆ ಎಂದು ಮಲಗಿಸಿಬಿಡುವುದು ದೊಡ್ಡ ಅಪಾಯ.

ಕಿಡ್ನಿಗೆ ಏನು ಸಂಬಂಧ?

ಕಿಡ್ನಿಗೆ ಮೂರು ದಾರಿಯಲ್ಲಿ ಏಟು ಬೀಳುತ್ತದೆ.

ಒಂದು, ರಕ್ತಸ್ರಾವ. ರಕ್ತ ಕಡಿಮೆಯಾದಾಗ ದೇಹ ಹೃದಯ, ಮಿದುಳನ್ನು ಮೊದಲು ಉಳಿಸಿಕೊಳ್ಳಲು ನೋಡುತ್ತದೆ, ಕಿಡ್ನಿಗೆ ರಕ್ತ ಕಡಿತವಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಏನೂ ಕಾಣದು, ಮೂತ್ರ ಮಾತ್ರ ಕಡಿಮೆಯಾಗುತ್ತಾ ಬರುತ್ತದೆ. ಸುಮಾರು 60 ಕಿಲೋ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿ ಲೀಟರ್ ಬರಬೇಕು. ಅದಕ್ಕೇ ಗಂಟೆಗಂಟೆಗೂ ಅಳತೆ.

ಎರಡು, ಜಜ್ಜಿದ ಮಾಂಸಖಂಡ. ಆನೆ ತುಳಿದಾಗ, ಮರದ ದಿಮ್ಮಿಯೋ ಟ್ರ್ಯಾಕ್ಟರೋ ಮೇಲೆ ಬಿದ್ದಾಗ, ಮಣ್ಣು ಕುಸಿದು ಸಿಕ್ಕಿಕೊಂಡಾಗ ತೊಡೆ, ಸೊಂಟದ ಮಾಂಸಖಂಡ ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಅಂಶ ರಕ್ತಕ್ಕೆ ಸೇರುತ್ತದೆ. ಅದು ಕಿಡ್ನಿಯ ಸೂಕ್ಷ್ಮ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ಹೇಳಬೇಕು. ಸಕಾಲಕ್ಕೆ ಡ್ರಿಪ್ ಹಾಕಿದರೆ ಎಷ್ಟೋ ಸಲ ಡಯಾಲಿಸಿಸ್ ತಪ್ಪುತ್ತದೆ.

ಮೂರು, ಹಾವಿನ ವಿಷ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುವುದರ ಜೊತೆ ಕಿಡ್ನಿಗೂ ಹೊಡೆತ ಕೊಡುತ್ತದೆ. ನರ್ಸ್ ಸ್ವಲ್ಪ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುವುದು ಅದು ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಲಿಕ್ಕೆ. ಕಚ್ಚಿದ ಜಾಗ ಕುಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಔಷಧಿಗೆಂದು ಅಲೆಯುವುದು, ಇವೆಲ್ಲ ಕಿಡ್ನಿಗೆ ಉಳಿದ ಸಮಯವನ್ನು ತಿನ್ನುತ್ತವೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ.

ಈ ಮೂರರಲ್ಲೂ ನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತಂದು ನುಂಗಿಸುವುದು ಬೇಡ. ಮೊದಲೇ ಸೋತಿರುವ ಕಿಡ್ನಿಗೆ ಅದು ಇನ್ನೊಂದು ಹೊರೆ.

ಬೆನ್ನುಹುರಿ ಪೆಟ್ಟು: ಮನೆಗೆ ಬಂದ ಮೇಲೆ

ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನ ಜೊತೆ ಮೂತ್ರಕೋಶದ ಸ್ಪರ್ಶವೂ ಹೋಗಿರಬಹುದು. ತುಂಬಿದರೂ ಅವರಿಗೆ ಗೊತ್ತಾಗದು. ಕಟ್ಟಿಕೊಂಡ ಮೂತ್ರ ಹಿಮ್ಮುಖವಾಗಿ ಒತ್ತಿ, ಸೋಂಕಾಗಿ, ವರ್ಷಗಳ ನಂತರ ಕಿಡ್ನಿ ಕೆಡಿಸುತ್ತದೆ. ಹಿಂದೆ ಇಂಥ ರೋಗಿಗಳು ಹೆಚ್ಚಾಗಿ ಸಾಯುತ್ತಿದ್ದದ್ದೇ ಕಿಡ್ನಿ ವೈಫಲ್ಯದಿಂದ.

ಆದ್ದರಿಂದ ಡಿಸ್ಚಾರ್ಜ್ ಆಗುವ ಮುಂಚೆ ಮನೆಯವರು ನರ್ಸ್ ಹತ್ತಿರ ಇಷ್ಟನ್ನು ಕಲಿತುಕೊಳ್ಳಬೇಕು:

• ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಪೈಪ್ ಮಡಚಿರಬಾರದು. ಮುಟ್ಟುವ ಮೊದಲು, ನಂತರ ಸೋಪಿನಿಂದ ಕೈ ತೊಳೆಯಬೇಕು.

• ಆಗಾಗ ಪೈಪ್ ಹಾಕಿ ತೆಗೆಯುವ ವಿಧಾನ ಹೇಳಿಕೊಟ್ಟಿದ್ದರೆ ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ, ತಪ್ಪಿಸದೆ.

• ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ದಿನಾ ನೋಡಬೇಕು. ಹುಣ್ಣಾದ ಮೇಲೆ ಮಾಯುವುದು ಕಷ್ಟ.

• ಬೆನ್ನಿನ ಮೇಲ್ಭಾಗ, ಕುತ್ತಿಗೆಗೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ವಿಪರೀತ ತಲೆನೋವು, ಮುಖದಲ್ಲಿ ಬೆವರು ಬಂದರೆ ಬಿಪಿ ಏರುತ್ತಿದೆ ಎಂದರ್ಥ. ತಲೆ ಎತ್ತರಿಸಿ ಕೂರಿಸಿ, ಮೊದಲು ಪೈಪ್ ಕಟ್ಟಿಕೊಂಡಿದೆಯೇ ನೋಡಿ. ಕಡಿಮೆಯಾಗದಿದ್ದರೆ 108.

• ಜ್ವರ, ಚಳಿ, ಮೂತ್ರ ಮಂದವಾಗಿ ವಾಸನೆ ಬಂದರೆ ಆಸ್ಪತ್ರೆಗೆ ತೋರಿಸಬೇಕು.

ಡಯಾಲಿಸಿಸ್ ಶುರುವಾದವರಿಗೆ

ಪೆಟ್ಟಿನಿಂದಲೋ ವಿಷದಿಂದಲೋ ನಿಂತ ಕಿಡ್ನಿ ಕೆಲವು ವಾರಗಳಲ್ಲಿ ಮತ್ತೆ ಕೆಲಸ ಶುರು ಮಾಡುವುದುಂಟು. ಶುಗರ್, ಬಿಪಿಯಿಂದ ಕೆಟ್ಟ ಕಿಡ್ನಿ ಹಾಗಲ್ಲ, ಅವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಸುಮಾರು 4 ಗಂಟೆ ಡಯಾಲಿಸಿಸ್. ಫಿಸ್ಟುಲಾ ಮಾಡಿದ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಭಾರ ಎತ್ತಬಾರದು. ದಿನಾ ಮುಟ್ಟಿ ನೋಡಿದರೆ ಒಳಗೆ ಝುಂ ಅನ್ನಬೇಕು. ಅನ್ನದಿದ್ದರೆ ಅದೇ ದಿನ ಡಯಾಲಿಸಿಸ್ ಸಿಬ್ಬಂದಿಗೆ ಹೇಳಿ.

ನೋಡಲು ಬರುವವರು ಎಳನೀರು, ಬಾಳೆಹಣ್ಣು ತರುತ್ತಾರೆ. 'ಎಳನೀರು ಕಿಡ್ನಿಗೆ ತಂಪು' ಎಂಬ ಮಾತು ಇವರಿಗೆ ಅನ್ವಯಿಸದು. ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ, ಮೂತ್ರದಲ್ಲಿ ಹೊರಹೋಗದೆ ಉಳಿದರೆ ಹೃದಯವೇ ನಿಲ್ಲಬಹುದು. ಹಿತ್ತಲಲ್ಲಿ ಬೆಳೆಯುವ ದಾರೆಹುಳಿ ಕಿಡ್ನಿ ರೋಗಿಗಳಿಗೆ ವಿಷಕ್ಕೆ ಸಮ, ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಲ್ಲದು.

ಆಸ್ಪತ್ರೆಯ ಚಾರ್ಟ್ ಮನೆಗೆ ಬರುವುದಿಲ್ಲ. ಅಂಗಡಿಯ ಉದ್ರಿ ಲೆಕ್ಕ ಬರೆದಂತೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಕುಡಿದ ನೀರು, ಬಂದ ಮೂತ್ರ, ಅದರ ಬಣ್ಣ, ತೂಕ, ಜ್ವರ, ಕೊಟ್ಟ ಮಾತ್ರೆ ಬರೆದಿಡಿ. ಮುಂದಿನ ಸಲ ಹಾಸನಕ್ಕೆ ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟ್ ಜೊತೆ ಆ ಪುಸ್ತಕವನ್ನೂ ತೆಗೆದುಕೊಂಡು ಹೋಗಿ.