ವಿದ್ಯಾರ್ಥಿನಿರ್ಮಿತ ಕಿರು ಉಪಗ್ರಹಗಳು : ಕರಾವಳಿಯ ಕಾಲೇಜುಗಳ ದೃಷ್ಟಿಯಿಂದ ಒಂದು ವಿವೇಚನೆ

ಕೃತಕ ಉಪಗ್ರಹಗಳ ನಿರ್ಮಾಣವು ರಾಷ್ಟ್ರಗಳ ಕೆಲಸವೇ ಹೊರತು ಕಾಲೇಜುಗಳ ಕೆಲಸವಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಕಳೆದ ಕೆಲವು ದಶಕಗಳ ಅನುಭವವು ಈ ಭಾವನೆಯನ್ನು ಸಡಿಲಿಸಿದೆ. ಅಧ್ಯಾಪಕರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳೇ ನಿರ್ಮಿಸಿದ ಉಪಗ್ರಹಗಳು ಭೂಮಿಯನ್ನು ಸುತ್ತಿವೆ. ಇವುಗಳಿಂದ ದೊರೆಯುವ ನಿಜವಾದ ಲಾಭವೇನು, ಮಹಾನಗರಗಳಿಂದ ದೂರವಿರುವ ಕಾರವಾರ, ಅಂಕೋಲೆಗಳ ಕಾಲೇಜುಗಳಿಗೆ ಈ ಕಾರ್ಯದಲ್ಲಿ ಸ್ಥಾನವುಂಟೇ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ನಮ್ಮ ವಿಷಯ ಇತಿಹಾಸ. ಆದುದರಿಂದ ಯಂತ್ರರಚನೆಯ ಸೂಕ್ಷ್ಮಗಳಿಗಿಂತ ಕಾರ್ಯದ ಕ್ರಮ ಮತ್ತು ಪರಂಪರೆಗಳ ಕಡೆಗೆ ನಮ್ಮ ಗಮನ ಹೆಚ್ಚು.

೧. ಪೂರ್ವಚರಿತ್ರೆ

ಭಾರತದ ಮೊದಲ ಉಪಗ್ರಹವಾದ ‘ಆರ್ಯಭಟ’ವು ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ನೆರವಿನಿಂದ ಕಕ್ಷೆಯನ್ನು ಸೇರಿತು. ೩೬೦ ಕಿಲೋಗ್ರಾಂ ತೂಕದ ಅದನ್ನು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಲಾಯಿತು. ತಂಡದ ನಾಯಕರಾಗಿದ್ದವರು ನಮ್ಮ ಕರಾವಳಿಯವರೇ ಆದ, ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರು. ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದುವು. ಆದರೂ ಆ ತಂಡವು ಗಳಿಸಿದ ಅನುಭವವೇ ಮುಂದಿನ ಉಪಗ್ರಹಗಳಿಗೆ ಅಡಿಗಲ್ಲಾಯಿತು. ಉಪಕರಣದ ಆಯುಸ್ಸು ಬೇರೆ, ಕಲಿಕೆಯ ಆಯುಸ್ಸು ಬೇರೆ ಎಂಬುದು ಇದರಿಂದ ವಿದಿತವಾಗುತ್ತದೆ.

ವಿಶ್ವವಿದ್ಯಾನಿಲಯಗಳ ಮಟ್ಟದಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯವು ೧೯೮೧ರಲ್ಲಿಯೇ ತನ್ನ ಉಪಗ್ರಹವನ್ನು ಕಳುಹಿಸಿತ್ತು. ೧೯೯೯ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪಾಲಿಟೆಕ್ನಿಕ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರಿಬ್ಬರು ಪ್ರತಿ ಬದಿಯೂ ೧೦ ಸೆಂಟಿಮೀಟರ್ ಇರುವ ‘ಕ್ಯೂಬ್‌ಸ್ಯಾಟ್’ ಎಂಬ ಮಾದರಿಯನ್ನು ರೂಪಿಸಿದರು. ಅಳತೆಯು ನಿಶ್ಚಿತವಾದುದರಿಂದ ಯಾವ ಕಾಲೇಜು ಕಟ್ಟಿದ ಪೆಟ್ಟಿಗೆಯನ್ನಾದರೂ ದೊಡ್ಡ ಉಪಗ್ರಹದ ಜೊತೆಯಲ್ಲಿ ಅದೇ ರಾಕೆಟ್ಟಿನಲ್ಲಿ ಸೇರಿಸಿ ಕಳುಹಿಸುವುದು ಸುಲಭವಾಯಿತು.

೨. ಕರ್ನಾಟಕದ ಪ್ರಯತ್ನಗಳು

ನಮ್ಮ ದೇಶದಲ್ಲಿ ಅಣ್ಣಾ ವಿಶ್ವವಿದ್ಯಾನಿಲಯದ ೪೦ ಕಿಲೋಗ್ರಾಂ ತೂಕದ ‘ಅನುಸ್ಯಾಟ್’ ೨೦೦೯ರಲ್ಲಿ ದಾರಿ ತೋರಿತು. ಮರುವರ್ಷ, ೨೦೧೦ರ ಜುಲೈ ೧೨ರಂದು, ಪಿ.ಎಸ್.ಎಲ್.ವಿ.-ಸಿ೧೫ ರಾಕೆಟ್ಟು ಶ್ರೀಹರಿಕೋಟೆಯಿಂದ ‘ಸ್ಟಡ್‌ಸ್ಯಾಟ್’ ಎಂಬ ಉಪಗ್ರಹವನ್ನು ಒಯ್ದಿತು. ಬೆಂಗಳೂರಿನ ನಾಲ್ಕು ಮತ್ತು ಹೈದರಾಬಾದಿನ ಮೂರು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯದ ಮುಂದಾಳುತನದಲ್ಲಿ, ಇದನ್ನು ನಿರ್ಮಿಸಿದ್ದರು. ಇದರ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ತರುವಾಯ ೨೦೧೬ರ ಸೆಪ್ಟೆಂಬರ್ ೨೬ರಂದು ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾನಿಲಯದ ‘ಪಿಸ್ಯಾಟ್’ ಕಕ್ಷೆಯನ್ನು ಸೇರಿತು. ಅದರ ತೂಕ ಸುಮಾರು ೫ ಕಿಲೋಗ್ರಾಂ.

೩. ಚಿತ್ರದ ಮಿತಿ

ಇಂತಹ ಉಪಗ್ರಹಗಳಿಂದ ಏನನ್ನು ನಿರೀಕ್ಷಿಸಬಾರದೆಂಬುದನ್ನು ಮೊದಲು ತಿಳಿಯತಕ್ಕದ್ದು. ಸ್ಟಡ್‌ಸ್ಯಾಟಿನ ಕ್ಯಾಮರಾವನ್ನು, ಚಿತ್ರದ ಒಂದು ಚುಕ್ಕೆಗೆ ನೆಲದ ಮೇಲಿನ ೯೦ ಮೀಟರು ಸಮನಾಗುವಂತೆ ರಚಿಸಲಾಗಿತ್ತು. ಆ ಅಳತೆಯಲ್ಲಿ ಕಾಳಿ ನದಿಯ ಮುಖದಲ್ಲಿ ಒಂದು ಕಿಲೋಮೀಟರು ಅಗಲದ ನೀರಿನ ಹರವು ಹನ್ನೊಂದು ಚುಕ್ಕೆಗಳಷ್ಟಾಗುತ್ತದೆ. ನದಿ, ಸಮುದ್ರ, ಕಾಡು ಇವುಗಳ ಅಂಚುಗಳು ಗೋಚರಿಸುವುವು. ಬೈತಖೋಲದ ದೋಣಿಗಳು ಕಾಣಿಸವು. ಅದೇ ರಾಕೆಟ್ಟಿನಲ್ಲಿ ಹೋದ, ೬೯೪ ಕಿಲೋಗ್ರಾಂ ತೂಕದ ‘ಕಾರ್ಟೋಸ್ಯಾಟ್-೨ಬಿ’ ಒಂದು ಮೀಟರಿಗಿಂತ ಸೂಕ್ಷ್ಮವಾದ ವಿವರವನ್ನು ಗುರುತಿಸಬಲ್ಲುದಾಗಿತ್ತು.

ಇನ್ನೊಂದು ಮಿತಿಯೂ ಉಂಟು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯನ್ನು ಮುಚ್ಚಿ, ಗಂಗಾವಳಿಯ ಪಾತ್ರದವರೆಗೆ ಮಣ್ಣು ನುಗ್ಗಿ ಜೀವಹಾನಿಯಾದುದು ಈ ಪ್ರದೇಶದವರೆಲ್ಲರ ಮನಸ್ಸಿನಲ್ಲಿದೆ. ಮಳೆಗಾಲದ ಮೋಡವನ್ನು ಸಾಮಾನ್ಯ ಕ್ಯಾಮರಾ ಭೇದಿಸಲಾರದು. ಅದಕ್ಕೆ ರೇಡಾರ್ ಬೇಕು. ಇಂತಹ ವಿಪತ್ತಿನಿಂದ ವಿದ್ಯಾರ್ಥಿಗಳ ಪುಟ್ಟ ಉಪಗ್ರಹವು ನಮ್ಮನ್ನು ರಕ್ಷಿಸುವುದೆಂದು ಹೇಳುವುದು ಅತ್ಯುಕ್ತಿಯಾದೀತು. ಆದರೆ ಉಪಗ್ರಹವು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲವೆಂಬುದನ್ನು ಅರಿತು, ದೊಡ್ಡ ಉಪಗ್ರಹಗಳ ಚಿತ್ರಗಳನ್ನು ಓದಬಲ್ಲವರು ಜಿಲ್ಲೆಯಲ್ಲಿಯೇ ಇರುವುದು ಅವಶ್ಯಕ. ಅಂತಹವರನ್ನು ತರಬೇತುಗೊಳಿಸುವುದೇ ಈ ಕಾರ್ಯದ ಮುಖ್ಯ ಫಲ.

೪. ಭೂಕೇಂದ್ರದ ಮಹತ್ವ

ಉಪಗ್ರಹವನ್ನು ಕಟ್ಟುವುದು ವೆಚ್ಚದ ಕೆಲಸ. ಅದರ ಸಂಕೇತಗಳನ್ನು ಗ್ರಹಿಸುವ ಭೂಕೇಂದ್ರವು ಹಾಗಲ್ಲ: ಒಂದು ಆಂಟೆನಾ, ಒಂದು ಗ್ರಾಹಕಯಂತ್ರ, ಒಂದು ಕಂಪ್ಯೂಟರು ಇದ್ದರೆ ಆರಂಭಕ್ಕೆ ಸಾಕು. ಸುಮಾರು ೬೩೦ ಕಿಲೋಮೀಟರು ಎತ್ತರದ ಉಪಗ್ರಹವು ೯೭ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದು ಊರಿನ ಆಕಾಶದಲ್ಲಿ ಅದು ದಿನಕ್ಕೆ ಕೆಲವೇ ಬಾರಿ, ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷಗಳ ಕಾಲ ಇರುವುದು. ಹಾರನ್ ಮಾಡುತ್ತ ಬರುವ ಬಸ್ಸಿನ ಧ್ವನಿಯು ನಮ್ಮನ್ನು ದಾಟಿದೊಡನೆ ತಗ್ಗುವಂತೆ, ಸಮೀಪಿಸುವಾಗ ಏರಿದ್ದ ಸಂಕೇತದ ಆವರ್ತನವು ದೂರಸರಿಯುವಾಗ ಇಳಿಯುತ್ತದೆ. ೪೩೭ ಮೆಗಾಹರ್ಟ್ಸಿನಲ್ಲಿ ಈ ವ್ಯತ್ಯಾಸವು ಇತ್ತ ಅತ್ತ ಸುಮಾರು ೧೦ ಕಿಲೋಹರ್ಟ್ಸ್. ಈ ಬದಲಾವಣೆಯನ್ನು ಅಳೆದು ಉಪಗ್ರಹದ ಮಾರ್ಗವನ್ನು ಗಣಿಸುವುದು ಬಿ.ಎಸ್‌ಸಿ. ವಿದ್ಯಾರ್ಥಿಗೂ ಸಾಧ್ಯವಾದ ಪ್ರಯೋಗ. ಕಾರವಾರದಲ್ಲಿ ಪಶ್ಚಿಮದ ಕಡೆಗೆ ದಿಗಂತದವರೆಗೂ ಸಮುದ್ರವಿದ್ದು ಯಾವ ಅಡ್ಡಿಯೂ ಇಲ್ಲ. ಪೂರ್ವಕ್ಕೆ ಸಹ್ಯಾದ್ರಿಯ ಬೆಟ್ಟಗಳು ಕೆಳಗಿನ ಆಕಾಶವನ್ನು ಮರೆಮಾಡುವುವು.

ಮುಂಬಯಿಯ ಐ.ಐ.ಟಿ. ವಿದ್ಯಾರ್ಥಿಗಳ ‘ಪ್ರಥಮ್’ ಉಪಗ್ರಹದ ಯೋಜನೆ ಇಲ್ಲಿ ಉಲ್ಲೇಖಾರ್ಹ. ಪಿಸ್ಯಾಟಿನ ಜೊತೆಯಲ್ಲಿಯೇ ಕಕ್ಷೆಗೇರಿದ ಇದರ ಉದ್ದೇಶ, ಮೇಲ್ವಾತಾವರಣದ ಅಯಾನುಮಂಡಲದಲ್ಲಿರುವ ಇಲೆಕ್ಟ್ರಾನುಗಳ ಒಟ್ಟು ಪ್ರಮಾಣವನ್ನು ಅಳೆಯುವುದು. ಅಯಾನುಮಂಡಲದ ಮೂಲಕ ಹಾಯ್ದು ಬರುವ ರೇಡಿಯೋ ತರಂಗದ ಕಂಪನದ ಸಮತಲವು ತಿರುಗುತ್ತದೆ. ತಿರುಗಿದ ಕೋನದಿಂದ ಇಲೆಕ್ಟ್ರಾನುಗಳ ಪ್ರಮಾಣವನ್ನು ತಿಳಿಯಬಹುದು. ಈ ಅಳತೆಯು ನಡೆಯುವುದು ನೆಲದ ಮೇಲೆ. ಆದುದರಿಂದಲೇ ಇತರ ಕಾಲೇಜುಗಳಿಗೂ ಭೂಕೇಂದ್ರಗಳನ್ನು ಸ್ಥಾಪಿಸುವ ತಿಳಿವಳಿಕೆಯನ್ನು ಆ ವಿದ್ಯಾರ್ಥಿಗಳು ನೀಡಿದರು. ಭೂಕಾಂತೀಯ ವಿಷುವದ್ರೇಖೆಯ ಸಾಮೀಪ್ಯದಿಂದಾಗಿ ತುಂಬಾ ಗ್ರಾಮದಲ್ಲಿ ೧೯೬೩ರಲ್ಲಿ ರಾಕೆಟ್ ಕೇಂದ್ರವು ಆರಂಭವಾದುದು ಸರ್ವವಿದಿತ. ತುಂಬಾ ಮತ್ತು ಮುಂಬಯಿಗಳ ನಡುವೆ ಇರುವ ನಮ್ಮ ಕರಾವಳಿಯಿಂದ ದೊರೆಯುವ ಅಳತೆಗಳು ಬೇರೆಡೆಯವುಗಳ ಪುನರುಕ್ತಿಯಾಗಲಾರವು.

೫. ದಾಖಲೆಯ ಪ್ರಶ್ನೆ

ಪ್ರಥಮ್ ಯೋಜನೆಯು ಆರಂಭವಾದುದು ೨೦೦೭ರಲ್ಲಿ, ಉಡಾವಣೆಯಾದುದು ೨೦೧೬ರಲ್ಲಿ. ಆರಂಭಿಸಿದ ವಿದ್ಯಾರ್ಥಿಗಳು ಅಷ್ಟರಲ್ಲಿ ಪದವಿ ಪಡೆದು ಹೋಗಿದ್ದರು. ನಾಲ್ಕು ವರ್ಷಗಳಲ್ಲಿ ಬದಲಾಗುವ ತಂಡವು ಒಂಬತ್ತು ವರ್ಷಗಳ ಕೆಲಸವನ್ನು ಪೂರೈಸಬೇಕಾದರೆ, ಯಾವ ಪರೀಕ್ಷೆ ಏಕೆ ವಿಫಲವಾಯಿತು, ಯಾವ ನಿರ್ಧಾರವನ್ನು ಯಾವ ಕಾರಣದಿಂದ ಕೈಗೊಳ್ಳಲಾಯಿತು ಎಂಬುದನ್ನು ಬರೆದಿಡಲೇಬೇಕು. ಹಿಂದಿನವರು ಬರೆದಿಡದುದನ್ನು ಮುಂದಿನವರು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ನಮ್ಮ ಕಾಲೇಜುಗಳಲ್ಲಿ ಪ್ರಯೋಗಗಳ ಫಲಿತಾಂಶವು ಪರೀಕ್ಷೆಯ ಮರುದಿನವೇ ರದ್ದಿ ಕಾಗದವಾಗುವ ರೂಢಿ ಇರುವವರೆಗೆ ಇಂತಹ ದೀರ್ಘಕಾಲದ ಕಾರ್ಯ ಸಾಗದು.

ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, ಕಾರವಾರದ ಇಂಜಿನಿಯರಿಂಗ್ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಮೊದಲಾದ ಸಂಸ್ಥೆಗಳು ಪ್ರತ್ಯೇಕವಾಗಿ ಉಪಗ್ರಹದ ಕನಸು ಕಾಣುವುದಕ್ಕಿಂತ, ಕೂಡಿ ಒಂದು ಭೂಕೇಂದ್ರವನ್ನೂ ಒಂದು ದಿನವಹಿಯನ್ನೂ ನಡೆಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಪ್ರತಿ ವರ್ಷದ ತಂಡವು ದಿನವಹಿಯನ್ನು ಮುಂದಿನ ತಂಡಕ್ಕೆ ಒಪ್ಪಿಸಬೇಕು. ಸ್ಟಡ್‌ಸ್ಯಾಟನ್ನು ಏಳು ಕಾಲೇಜುಗಳು ಕೂಡಿ ಕಟ್ಟಿದುವೆಂಬುದು ಇಲ್ಲಿ ಸ್ಮರಣೀಯ. ಅಧ್ಯಾಪಕ ಮಿತ್ರರು ಈ ವಿಷಯವನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.